ಅಡಿಕೆಯನ್ನು ಹಳತಾಗಿಸುವ ಕ್ರಮವೂ ಅಟ್ಟದಿಂದ ಇಳಿಸುವ ಕಾಲವೂ

ಬೆಳೆದ ಕೂಡಲೆ ಉಪಯೋಗಿಸದೆ ಕಾಲದ ವಶಕ್ಕೆ ಒಪ್ಪಿಸಿ ಇಡತಕ್ಕ ಪದಾರ್ಥಗಳು ನಮ್ಮ ದಕ್ಷಿಣ ಕನ್ನಡದ ಬೇಸಾಯಗಾರರ ಮನೆಗಳಲ್ಲಿ ಹಲವು ಉಂಟು. ಬೇಸಿಗೆಯಲ್ಲಿ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿಯ ಬಾಯಿ ಕಟ್ಟಿದರೆ ಅದನ್ನು ಬಿಚ್ಚುವುದು ಆಟಿಯ ಜಡಿಮಳೆಯಲ್ಲಿ. ಮಾವಿನ ಮಿಡಿಯ ಉಪ್ಪಿನಕಾಯಿ ಹಳತಾದಷ್ಟು ರುಚಿ ಎಂಬುದನ್ನು ಯಾವ ಗೃಹಿಣಿಯೂ ಬಲ್ಲಳು. ಆದರೆ ಇವೆಲ್ಲ ಮನೆಯ ಊಟಕ್ಕೆ ಸಂಬಂಧಪಟ್ಟವು. ಇಟ್ಟು ಹಳತಾಗಿಸಿದ ಕಾರಣದಿಂದಲೇ ಪೇಟೆಯಲ್ಲಿ ಹೆಚ್ಚಿನ ಕ್ರಯವನ್ನು ತರತಕ್ಕ ಬೆಳೆಗಳಲ್ಲಿ ಅಡಿಕೆಯೇ ನಮ್ಮ ಜಿಲ್ಲೆಗೆ ಮುಖ್ಯವಾದುದು.

ಮಂಗಳೂರಿನ ಪೇಟೆಯಲ್ಲಿ ಬಿಳಿ ಚಾಲಿ ಅಡಿಕೆಗೆ ಒಂದೇ ಧಾರಣೆ ಇರುವುದಿಲ್ಲ. ಆ ವರ್ಷದ ಕೊಯಿಲಿನದು ಹೊಸ ಅಡಿಕೆ. ಸುಮಾರು ಒಂದು ವರ್ಷ ಇಟ್ಟದ್ದು ಹಳೆ ಅಡಿಕೆ ಅಥವಾ ಸಿಂಗಲ್ ಚೋಲ್. ಎರಡು ವರ್ಷ ಇಟ್ಟದ್ದು ಡಬ್ಬಲ್ ಚೋಲ್. ಸಾಮಾನ್ಯವಾಗಿ ಹೊಸದಕ್ಕಿಂತ ಹಳೆಯದಕ್ಕೆ ಧಾರಣೆ ಹೆಚ್ಚು. ಇದನ್ನು ಕಂಡು ಅನೇಕರು ಅಡಿಕೆಯನ್ನು ಇಟ್ಟರೆ ಸಾಕು, ಅದು ತಾನಾಗಿ ಹಣವನ್ನು ಹಡೆಯುತ್ತದೆಂದು ಭಾವಿಸುತ್ತಾರೆ. ಇಡುವುದು ಬೇರೆ, ಹಳತಾಗಿಸುವುದು ಬೇರೆ. ಈ ಭೇದವನ್ನೂ, ಇಟ್ಟದ್ದನ್ನು ಇಳಿಸತಕ್ಕ ಕಾಲವನ್ನೂ ಗ್ರಾಮದ ಮುಖ್ಯಸ್ಥರಿಗೂ ಭೂಮಾಲೀಕರಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ದ್ರಾಕ್ಷಾಮದ್ಯದ ದೃಷ್ಟಾಂತ

ಯುರೋಪಿನಲ್ಲಿ, ವಿಶೇಷವಾಗಿ ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ, ದ್ರಾಕ್ಷಿಯ ಮದ್ಯವನ್ನು ನೆಲಮಾಳಿಗೆಗಳಲ್ಲಿ ವರ್ಷಗಟ್ಟಲೆ ಇಡುವ ಪದ್ಧತಿ ಇದೆ. ಬೋರ್ಡೋ ಎಂಬ ಹೆಸರು ನಮ್ಮ ವಾಚಕರಿಗೆ ಅಪರಿಚಿತವಲ್ಲ. ಅಲ್ಲಿನ ತೋಟಗಾರರು ದಾರಿಹೋಕರು ಹಣ್ಣನ್ನು ಕದಿಯದಂತೆ ದಾರಿಯ ಬದಿಯ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣವನ್ನು ಕಲಸಿ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಬೂಜು ರೋಗ ತಗಲದಿರುವುದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ಗಮನಿಸಿ ೧೮೮೫ರಲ್ಲಿ ಆ ಮಿಶ್ರಣವನ್ನು ಪ್ರಕಟಪಡಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿಗಳು ಅದನ್ನೇ ಅಡಿಕೆಯ ಕೊಳೆರೋಗಕ್ಕೆ ಉಪಯೋಗಿಸಿ ಫಲವನ್ನು ಕಂಡರು. ಇಂದಿಗೂ ನಾವು ಮಳೆಗಾಲಕ್ಕೆ ಮುಂಚೆ ೧ ಕಿಲೋ ಮೈಲುತುತ್ತು, ೧ ಕಿಲೋ ಸುಣ್ಣ, ೧೦೦ ಲೀಟರು ನೀರಿನ ಪ್ರಮಾಣದಲ್ಲಿ ಸಿಂಪಡಿಸುವ ದ್ರಾವಣ ಅದೇ. ದ್ರಾಕ್ಷಿಯ ನಾಡಿನಿಂದ ಅಡಿಕೆಯ ನಾಡು ಒಂದು ವಿದ್ಯೆಯನ್ನು ಹಿಂದೆಯೇ ಪಡೆದಿರುವಾಗ ಎರಡನೆಯದನ್ನು ಪಡೆಯಲು ಸಂಕೋಚಪಡಬೇಕಾಗಿಲ್ಲ.

ಆ ಎರಡನೆಯ ವಿದ್ಯೆಯಲ್ಲಿ ಮೂರು ಮಾತುಗಳಿವೆ. ಮೊದಲನೆಯದು, ಎಲ್ಲ ಮದ್ಯವೂ ಇಟ್ಟರೆ ಉತ್ತಮವಾಗುವುದಿಲ್ಲ. ತಯಾರಾಗುವುದರಲ್ಲಿ ಬಹುಪಾಲು ಕೆಲವೇ ವರ್ಷಗಳಲ್ಲಿ ಮುಗಿಸತಕ್ಕದ್ದು; ಒಗರು, ಹುಳಿ, ಸಾರ ಇವು ಸಮವಾಗಿ ಕೂಡಿದ ಸ್ವಲ್ಪ ಭಾಗ ಮಾತ್ರ ಕಾಲವನ್ನು ತಾಳುತ್ತದೆ. ಎರಡನೆಯದು, ಇಡುವ ಸ್ಥಳ ಅದರ ಸ್ವಭಾವಕ್ಕೆ ಅನುಸಾರವಾಗಿರಬೇಕು. ಮದ್ಯಕ್ಕೆ ಕತ್ತಲೆಯೂ, ಸುಮಾರು ೧೨–೧೩ ಡಿಗ್ರಿ ಸೆಂಟಿಗ್ರೇಡಿನ ಏರಿಳಿತವಿಲ್ಲದ ತಂಪೂ ಬೇಕು. ಬಿರಡೆ ಒಣಗದಂತೆ ಸೀಸೆಯನ್ನು ಮಲಗಿಸಿ ಇಡುತ್ತಾರೆ. ಮೂರನೆಯದು, ಯಾವ ಮದ್ಯವೂ ಒಂದು ಶಿಖರವನ್ನು ಮುಟ್ಟಿದ ಮೇಲೆ ಇಳಿಯುತ್ತದೆ. ಇಳಿಯುವುದು ಹೊರಗಿನಿಂದ ಕಾಣುವುದಿಲ್ಲ. ಆದಕಾರಣ ಬುದ್ಧಿವಂತನು ಒಂದೇ ಬಗೆಯ ಹನ್ನೆರಡು ಸೀಸೆಗಳನ್ನು ಇಟ್ಟು, ಆಗಾಗ ಒಂದೊಂದನ್ನು ತೆರೆದು ನೋಡಿ, ಉಳಿದವುಗಳ ಸ್ಥಿತಿಯನ್ನು ಅರಿಯುತ್ತಾನೆ. ಅಡಿಕೆಗೆ ತಂಪಾದ ನೆಲಮಾಳಿಗೆ ವಿಷವಾದರೂ ಈ ಮೂರು ಮಾತುಗಳ ತಾತ್ಪರ್ಯವು ಅದಕ್ಕೂ ಪೂರ್ಣವಾಗಿ ಒಪ್ಪುತ್ತದೆ.

ಯಾವ ಅಡಿಕೆ ಇಡಲು ಯೋಗ್ಯ

ಪೂರ್ಣವಾಗಿ ಹಣ್ಣಾದ ಅಡಿಕೆ ಮಾತ್ರ ಹಳತಾಗಲು ಯೋಗ್ಯ. ನವೆಂಬರಿನಿಂದ ಮಾರ್ಚಿಯ ವರೆಗಿನ ಕೊಯಿಲಿನಲ್ಲಿ ಅರೆಹಣ್ಣು, ಮರದ ಬುಡದಲ್ಲಿ ಬಿದ್ದು ತೇವವನ್ನು ಹೀರಿದ ಹಣ್ಣು, ಕೊಳೆರೋಗದಿಂದ ಉದುರಿದ ಕಾಯಿ ಇವನ್ನು ಮೊದಲನೆಯ ದಿವಸವೇ ಬೇರೆ ರಾಶಿ ಮಾಡತಕ್ಕದ್ದು. ಒಡೆದ ಪಟೋರ, ಪದರು ಬಿಟ್ಟ ಉಳ್ಳಿಗಡ್ಡೆ, ಕರಿಗೋಟು, ಕೋಕ ಎಂದು ವ್ಯಾಪಾರಿಗಳು ಕಡಿಮೆ ಧಾರಣೆಗೆ ತೆಗೆಯುವ ಅಡಿಕೆಗೆ ಎಷ್ಟು ಕಾಲ ಕಳೆದರೂ ಮೋಟಿಯ ಪದವಿ ಬರುವುದಿಲ್ಲ. ಕಾಲವು ಒಳ್ಳೆಯದನ್ನು ಮಾತ್ರ ಒಳ್ಳೆಯದನ್ನಾಗಿ ಉಳಿಸುತ್ತದೆ. ಕೆಟ್ಟದ್ದನ್ನು ಇನ್ನಷ್ಟು ಕೆಡಿಸುತ್ತದೆ. ಇಂಥ ಅಡಿಕೆಯನ್ನು ಆ ವರ್ಷವೇ ಮಾರಿ ಮುಗಿಸುವುದು ಲಾಭಕರ.

ಒಣಗಿಸುವುದರಲ್ಲಿ ಆತುರ ಕೂಡದು. ಚಾಲಿಗೆ ಸುಮಾರು ೪೦ರಿಂದ ೪೫ ದಿವಸಗಳ ಒಳ್ಳೆಯ ಬಿಸಿಲು ಬೇಕು. ಅಂಗಳದಲ್ಲಿ ಒಂದೇ ಪದರಾಗಿ ಹರವಿ ಆಗಾಗ ಕೈಯಾಡಿಸಬೇಕು. ಬರಿಯ ಮಣ್ಣಿನ ಮೇಲೆ ಹರವಿದರೆ ಕೆಳಗಿನ ತೇವ ಅಡಿಕೆಗೆ ಏರುವುದರಿಂದ ಸಿಮೆಂಟಿನ ಅಂಗಳವಾಗಲಿ ಹಾಸಾಗಲಿ ಅವಶ್ಯ. ಅಕಾಲದ ಮಳೆಯ ಭಯವಿರುವಲ್ಲಿ ಪ್ಲಾಸ್ಟಿಕಿನ ಮಾಡುಳ್ಳ ಸೌರ ಒಣಗುಮನೆಯನ್ನು ಕಟ್ಟಿದರೆ ಬಹಳ ಪ್ರಯೋಜನವುಂಟು.

ಅಡಿಕೆ ಒಣಗಿತೋ ಇಲ್ಲವೋ ಎಂಬುದಕ್ಕೆ ಮೂರು ಪರೀಕ್ಷೆಗಳಿವೆ. ಕಿವಿಯ ಬಳಿ ಅಲುಗಾಡಿಸಿದರೆ ಸಿಪ್ಪೆಯೊಳಗೆ ತಿರುಳು ಗಲಗಲ ಎನ್ನಬೇಕು. ಅಡಕತ್ತರಿಯಿಂದ ಎರಡು ಹೋಳು ಮಾಡಿದರೆ ನಡುವಿನಲ್ಲಿ ಹಸಿಯ ಕಪ್ಪು ಕಾಣಕೂಡದು. ಇವೆರಡಕ್ಕಿಂತಲೂ ನಂಬಿಕೆಯದು ತಕ್ಕಡಿ: ಗುರುತುಮಾಡಿದ ಐದು ಕಿಲೋ ಅಡಿಕೆಯನ್ನು ತೂಗಿ, ಮತ್ತೆ ಮೂರು ದಿವಸ ಬಿಸಿಲಿನಲ್ಲಿಟ್ಟು ಪುನಃ ತೂಗಬೇಕು. ತೂಕ ಇಳಿದಿದ್ದರೆ ನೀರು ಇನ್ನೂ ಒಳಗಿದೆ ಎಂದು ಅರ್ಥ.

ಇಡುವ ಸ್ಥಳ

ನಮ್ಮ ಹಿರಿಯರು ಅಡಿಕೆಯನ್ನು ಅಟ್ಟಕ್ಕೆ ಏರಿಸುತ್ತಿದ್ದುದು ಕೇವಲ ಕಳ್ಳರ ಭಯದಿಂದಲ್ಲ. ಅಡುಗೆಮನೆಯ ಒಲೆಯ ಕಾವು ಮರದ ಹಲಗೆಗಳ ಮೂಲಕ ಮೇಲೇರಿ, ಸುಮಾರು ನಾಲ್ಕು ಸಾವಿರ ಮಿಲಿಮೀಟರು ಮಳೆ ಬೀಳುವ ಈ ಕರಾವಳಿಯಲ್ಲಿಯೂ ಅಟ್ಟವನ್ನು ಬೆಚ್ಚಗೆ ಇರಿಸುತ್ತಿದ್ದಿತು. ಈಗ ಒಲೆ ಹೋಗಿ ಗ್ಯಾಸು ಬಂದಿದೆ. ಹೆಂಚಿನ ಮನೆಗಳ ಸ್ಥಳದಲ್ಲಿ ಕಾಂಕ್ರೀಟಿನ ಮನೆಗಳಾಗಿವೆ. ಆದಕಾರಣ ಅಜ್ಜನ ಕಾಲದ ಅಟ್ಟ ಮಾಡುತ್ತಿದ್ದ ಕೆಲಸವನ್ನು ನಾವು ಬುದ್ಧಿಪೂರ್ವಕವಾಗಿ ಮಾಡಬೇಕಾಗಿದೆ.

ಅಡಿಕೆಯನ್ನು ಸುಲಿಯದೆಯೇ ಇಡತಕ್ಕದ್ದು. ಒಣಗಿದ ಸಿಪ್ಪೆ ಹುಳುವಿಗೂ ತೇವಕ್ಕೂ ಅಡ್ಡ ನಿಲ್ಲುವ ಸ್ವಾಭಾವಿಕವಾದ ಪೆಟ್ಟಿಗೆ. ಮಾರುವ ಕಾಲಕ್ಕೆ ಸುಲಿದರೆ ಸಾಕು. ಬಿಸಿಲಿನಿಂದ ತೆಗೆದ ಬಿಸಿ ಅಡಿಕೆಯನ್ನು ಕೂಡಲೆ ಚೀಲಕ್ಕೆ ತುಂಬಿದರೆ ಒಳಗಿನ ಹಬೆ ನೀರಾಗಿ ಬೂಸು ಹಿಡಿಯುವುದರಿಂದ, ನೆರಳಿನಲ್ಲಿ ಆರಿಸಿ, ಇಬ್ಬನಿ ಬೀಳುವುದರೊಳಗೆ ತುಂಬಬೇಕು. ಗೋಣಿಚೀಲದೊಳಗೆ ದಪ್ಪನಾದ ಪ್ಲಾಸ್ಟಿಕಿನ ಒಳಚೀಲವಿರಬೇಕು. ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರದಲ್ಲಿ ಅಟ್ಟಿ ಹಾಕಬೇಕು. ಗೊಬ್ಬರ, ಸೀಮೆಎಣ್ಣೆ, ಕೀಟನಾಶಕಗಳನ್ನು ಅದೇ ಕೋಣೆಯಲ್ಲಿ ಇಡಕೂಡದು. ಪ್ರತಿಯೊಂದು ಚೀಲಕ್ಕೂ ಕೊಯಿಲಿನ ತಿಂಗಳು, ತುಂಬಿದ ದಿನ, ತೂಕ ಇವನ್ನು ಬರೆದ ಚೀಟಿಯನ್ನು ಕಟ್ಟಬೇಕು. ಚೀಟಿಯಿಲ್ಲದ ಚೀಲದ ವಯಸ್ಸನ್ನು ಎರಡು ವರ್ಷಗಳ ಮೇಲೆ ಮನೆಯ ಯಜಮಾನನೂ ಹೇಳಲಾರನು.

ಮಳೆಗಾಲದ ಪರೀಕ್ಷೆ

ಜೂನಿನಿಂದ ಸೆಪ್ಟೆಂಬರಿನ ವರೆಗೆ ಅಡಿಕೆಗೆ ಅಪಾಯದ ಕಾಲ. ಮಳೆ ಸುರಿಯುವ ದಿವಸ ಚೀಲವನ್ನು ಬಿಚ್ಚಕೂಡದು. ಬಿಸಿಲು ಹೊರಟ ದಿವಸವನ್ನು ಆರಿಸಿ ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಮೇಲಿನ, ನಡುವಿನ, ಕೆಳಗಿನ ಸಾಲುಗಳಿಂದ ಒಂದೊಂದು ಚೀಲವನ್ನು ಬಿಚ್ಚಿ, ಪ್ರತಿಯೊಂದರಿಂದಲೂ ಇಪ್ಪತ್ತು ಅಡಿಕೆಗಳನ್ನು ತೆಗೆದು ಕತ್ತರಿಸಿ ನೋಡಿ, ಕೆಟ್ಟವು ಎಷ್ಟೆಂದು ಪುಸ್ತಕದಲ್ಲಿ ಬರೆಯಬೇಕು. ಹನ್ನೆರಡು ಸೀಸೆಗಳಲ್ಲಿ ಒಂದನ್ನು ತೆರೆದು ನೋಡುವ ಕ್ರಮ ಇದೇ. ಅರುವತ್ತರಲ್ಲಿ ಒಂದೆರಡು ಕೆಟ್ಟಿದ್ದರೆ ಚಿಂತೆಯಿಲ್ಲ. ಆದರೆ ಹಿಂದಿನ ತಿಂಗಳು ಎರಡಿದ್ದುದು ಈ ತಿಂಗಳು ಆರಾದರೆ ಆ ಅಡಿಕೆ ತನ್ನ ಶಿಖರವನ್ನು ದಾಟಿತೆಂದೇ ತಿಳಿಯತಕ್ಕದ್ದು. ಧಾರಣೆ ಏನೇ ಇರಲಿ, ಅದನ್ನು ಇಳಿಸಬೇಕು.

ಸಿಪ್ಪೆಯಲ್ಲಿ ಸೂಜಿಯ ತುದಿಯಷ್ಟು ತೂತುಗಳೂ ಚೀಲದ ತಳದಲ್ಲಿ ಹಿಟ್ಟಿನಂಥ ಪುಡಿಯೂ ಕಂಡರೆ ಕೊರಕ ಹುಳು ಸೇರಿದೆ ಎಂದು ಅರ್ಥ. ಕಾಫಿ ಬೀಜವನ್ನು ಕೊರೆಯುವ ಸಣ್ಣ ಕಂದು ಜೀರುಂಡೆಯೇ ಅಡಿಕೆಯ ಮುಖ್ಯ ಶತ್ರು. ಅಂಥ ಚೀಲವನ್ನು ಕೂಡಲೆ ಬೇರೆ ಮಾಡಬೇಕು. ಅಲ್ಯುಮಿನಿಯಂ ಫಾಸ್ಫೈಡಿನ ಗುಳಿಗೆಗಳಿಂದ ಹೊರಡುವ ಅನಿಲ ಮನುಷ್ಯರಿಗೆ ಪ್ರಾಣಾಂತಕವಾದುದು. ಅಧಿಕೃತವಾದ ತರಬೇತಿ ಇಲ್ಲದವರು ಅದನ್ನು ಮುಟ್ಟಕೂಡದು. ಜನರು ಮಲಗುವ ಮನೆಯಲ್ಲಿ ಎಂದಿಗೂ ಕೂಡದು. ಬೂಸು ಹಿಡಿದ ಅಡಿಕೆಯನ್ನು ತೊಳೆದು ಒಣಗಿಸಿ ಒಳ್ಳೆಯದರೊಡನೆ ಬೆರಸುವವರು ತಮ್ಮ ಹೆಸರನ್ನು ಮಾತ್ರವಲ್ಲ, ಊರಿನ ಹೆಸರನ್ನೂ ಕೆಡಿಸುತ್ತಾರೆ. ಅಂಥ ಬೂಸಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟಬಹುದೆಂಬುದನ್ನು ನೆನಪಿಡತಕ್ಕದ್ದು.

ನಮ್ಮ ಮನೆಯ ಒಂದು ಪ್ರಸಂಗ

ಈ ಲೇಖಕನ ಮನೆ ಕಾವೂರಿನಲ್ಲಿ. ಮಹಾಲಿಂಗೇಶ್ವರ ದೇವಸ್ಥಾನದಿಂದ ಮರವೂರಿನ ಸೇತುವೆಯ ಕಡೆಗೆ ಇಳಿಯುವ ಬಯಲಿನಲ್ಲಿ ನಮಗೊಂದು ಚಿಕ್ಕ ತೋಟವಿದ್ದಿತು. ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದ ಕಾಲದಲ್ಲಿ ಒಂದು ವರ್ಷ ಏಪ್ರಿಲಿನ ಕೊನೆಗೆ ಮೂರು ದಿವಸ ಮಳೆ ಹೊಡೆಯಿತು. ಮನೆಯಲ್ಲಿ ಅಕ್ಕನ ಮದುವೆಯ ಸಿದ್ಧತೆ. ತಂದೆಯವರು ಅಂಗಳ ತೆರವಾಗಲೆಂದು ಇನ್ನೂ ಹತ್ತು ದಿವಸದ ಬಿಸಿಲು ಬೇಕಾಗಿದ್ದ ಅಡಿಕೆಯನ್ನು ಒಣಗಿದ್ದರೊಡನೆಯೇ ತುಂಬಿಸಿ ಅಟ್ಟಕ್ಕೆ ಏರಿಸಿದರು. ಅಜ್ಜಿ ಒಂದನ್ನು ಕಿವಿಗೆ ಹಿಡಿದು, “ಇದು ಇನ್ನೂ ಮಾತನಾಡುವುದಿಲ್ಲ” ಎಂದರು. ಮದುವೆಯ ಗದ್ದಲದಲ್ಲಿ ಆ ಮಾತು ಯಾರಿಗೂ ಕೇಳಲಿಲ್ಲ.

ಮದುವೆಗೆ ಸಾಲವಾಯಿತು. ಮರುವರ್ಷ ಹಳೆ ಅಡಿಕೆಗೆ ಧಾರಣೆ ಏರಿತು. ಅಂದು ಮಾರಿದ್ದರೆ ಸಾಲ ತೀರಿ ಸ್ವಲ್ಪ ಉಳಿಯುತ್ತಿದ್ದಿತು. “ಡಬ್ಬಲ್ ಚೋಲ್ ಆಗಲಿ” ಎಂದು ತಂದೆಯವರು ಕಾದರು. ನಡುವೆ ಒಂದು ಚೀಲವನ್ನೂ ಬಿಚ್ಚಿ ನೋಡಲಿಲ್ಲ. ಬಿಚ್ಚಿದರೆ ತೇವ ಹೋದೀತೆಂಬ ಭಯ ಒಂದು ಕಡೆ, ಏನು ಕಂಡೀತೋ ಎಂಬ ಭಯ ಇನ್ನೊಂದು ಕಡೆ. ಎರಡನೆಯ ಮಳೆಗಾಲ ಕಳೆದು ಇಳಿಸಿದಾಗ ಮೂರರಲ್ಲೊಂದು ಪಾಲು ಕರಿಗೋಟಾಗಿದ್ದಿತು, ಧಾರಣೆಯೂ ಇಳಿದಿದ್ದಿತು. ಸಾಲ ತೀರಿಸಲು ತೋಟದ ಕೆಳಗಿನ ತುಂಡನ್ನು ಕೊಡಬೇಕಾಯಿತು. ಆ ಸ್ಥಳದಲ್ಲಿ ಈಗ ಮನೆಗಳಾಗಿವೆ. ತಂದೆಯವರು ಅದರ ಮೇಲೆ ಇಪ್ಪತ್ತು ವರ್ಷ ಬದುಕಿದರೂ ಆ ಅಡಿಕೆಯ ಮಾತನ್ನು ಎತ್ತಿದುದನ್ನು ನಾನು ಕೇಳಲಿಲ್ಲ. ಅಡಿಕೆ ಕೆಟ್ಟದ್ದು ಹತ್ತು ದಿವಸದ ಬಿಸಿಲು ಇಲ್ಲದ್ದರಿಂದ. ತೋಟ ಹೋದದ್ದು ಅಟ್ಟವನ್ನು ಏರಿ ನೋಡದ್ದರಿಂದ. ವ್ಯವಸಾಯದ ಶಿಕ್ಷಣವನ್ನು ಪಡೆದ ಮೇಲೆ ನಾನು ಕಲಿತದ್ದೆಲ್ಲವೂ ಈ ಪಾಠದ ವಿವರಣೆ ಮಾತ್ರ.

ಇಳಿಸತಕ್ಕ ಕಾಲ

ಇಳಿಸುವ ಕಾಲವನ್ನು ನಿರ್ಣಯಿಸಲು ಮೂವರು ಸಾಕ್ಷಿಗಳನ್ನು ಕೇಳಬೇಕು: ಅಡಿಕೆಯನ್ನು, ಲೆಕ್ಕದ ಪುಸ್ತಕವನ್ನು, ಮನೆಯ ಅಗತ್ಯವನ್ನು. ಅಡಿಕೆಯ ಸಾಕ್ಷ್ಯವನ್ನು ಮೇಲೆ ಹೇಳಿದೆ. ಲೆಕ್ಕದ ಸಾಕ್ಷ್ಯವನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ. ಈ ಅಂಕೆಗಳು ದೃಷ್ಟಾಂತಕ್ಕಾಗಿ ಮಾತ್ರ. ಪ್ರತಿಯೊಬ್ಬನೂ ತನ್ನ ಅಂಕೆಗಳನ್ನು ಹಾಕಿಕೊಳ್ಳಬೇಕು.

ಸುಲಿದರೆ ೧,೦೦೦ ಕಿಲೋ ಬರುವಷ್ಟು ಹೊಸ ಅಡಿಕೆ ಇದೆ; ಧಾರಣೆ ಕಿಲೋವಿಗೆ ೪೦೦ ರೂಪಾಯಿ ಎನ್ನೋಣ. ಇಂದು ಮಾರಿದರೆ ೪,೦೦,೦೦೦ ರೂಪಾಯಿ ಕೈಗೆ ಬರುತ್ತದೆ. ಅದನ್ನು ಮಾರದೆ ಅಷ್ಟೇ ಸಾಲವನ್ನು ಶೇಕಡಾ ೯ರ ಬಡ್ಡಿಯಲ್ಲಿ ಇನ್ನೊಂದು ವರ್ಷ ಹೊತ್ತರೆ ಬಡ್ಡಿ ೩೬,೦೦೦ ರೂಪಾಯಿ. ಚೀಲ, ಕೂಲಿ, ಮರುಬಿಸಿಲು ಇವುಗಳಿಗೆ ೪,೦೦೦ ರೂಪಾಯಿ. ಒಣಗಿಯೂ ಕೆಟ್ಟೂ ಶೇಕಡಾ ೩ ತೂಕ ಹೋದರೆ ಉಳಿಯುವುದು ೯೭೦ ಕಿಲೋ. ಆ ೯೭೦ ಕಿಲೋ ೪,೪೦,೦೦೦ ರೂಪಾಯಿಯನ್ನು ತರಬೇಕಾದರೆ ಧಾರಣೆ ಸುಮಾರು ೪೫೪ ರೂಪಾಯಿ ಆಗಬೇಕು. ಹಳೆಯದಕ್ಕೆ ೪೪೦ ಆಯಿತೆಂದು ಸಂತೋಷಪಡುವವನು ವಾಸ್ತವವಾಗಿ ನಷ್ಟದಲ್ಲಿದ್ದಾನೆ. ಸಾಲವಿಲ್ಲದವನಿಗೆ ಬಡ್ಡಿಯ ಭಾರವಿಲ್ಲವಾದರೂ, ಆ ಹಣ ಬ್ಯಾಂಕಿನಲ್ಲಿದ್ದರೆ ಬರುತ್ತಿದ್ದ ಬಡ್ಡಿಯನ್ನು ಅವನೂ ಲೆಕ್ಕಕ್ಕೆ ಹಿಡಿಯಬೇಕು.

ಇಟ್ಟ ಅಡಿಕೆಗೆ ಪ್ರತಿವರ್ಷವೂ ಧಾರಣೆ ಏರುತ್ತದೆಂಬ ನಿಯಮವಿಲ್ಲ. ೧೯೭೦–೭೧ರ ಸುಮಾರಿಗೆ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟರು. ಆ ಸಂಕಟದಿಂದಲೇ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ೧೯೭೩ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಹುಟ್ಟಿತು. ಹೊರದೇಶದ ಅಡಿಕೆಯ ಆಮದು, ಸುಂಕದ ಬದಲಾವಣೆ, ರೋಗಗಳಿಂದ ಬೆಳೆಯ ಏರಿಳಿತ ಇವೆಲ್ಲ ಅಟ್ಟದ ಅಡಿಕೆಯ ಧಾರಣೆಯನ್ನು ಅಲುಗಿಸುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರನ್ನು ತರುವ ಪದಾರ್ಥಗಳಲ್ಲಿ ಸೇರಿಸಿದೆ ಎಂಬುದನ್ನೂ ಮರೆಯಕೂಡದು. ಇಂಥ ಬೆಳೆಯ ಮೇಲೆ ಮನೆಯ ಸರ್ವಸ್ವವನ್ನೂ ವರ್ಷಗಟ್ಟಲೆ ಪಣಕ್ಕೆ ಒಡ್ಡುವುದು ವಿವೇಕವಲ್ಲ.

ಆದಕಾರಣ ಈ ಕ್ರಮವನ್ನು ಸೂಚಿಸುತ್ತೇನೆ. ಮೊದಲು ಸಾಲ, ಕೂಲಿ, ಗೊಬ್ಬರ, ಮಕ್ಕಳ ವಿದ್ಯೆ ಇವುಗಳಿಗೆ ಬೇಕಾಗುವಷ್ಟನ್ನು ಹೊಸ ಅಡಿಕೆಯಾಗಿಯೇ ಮಾರಬೇಕು. ಉಳಿದುದರಲ್ಲಿ ಶ್ರೇಷ್ಠವಾದುದನ್ನು ಮಾತ್ರ ಇಟ್ಟು ಮೂರು ಪಾಲು ಮಾಡಬೇಕು. ಮೊದಲನೆಯ ಪಾಲನ್ನು ಮಳೆಗಾಲ ಕಳೆದ ಕೂಡಲೆ, ಎರಡನೆಯದನ್ನು ವರ್ಷ ತುಂಬುವಾಗ ಇಳಿಸಬೇಕು. ಮೂರನೆಯದನ್ನು ಎರಡನೆಯ ಮಳೆಗಾಲಕ್ಕೆ ದಾಟಿಸುವುದು, ಪರೀಕ್ಷೆಯ ಪುಸ್ತಕ ಶುದ್ಧವಾಗಿದ್ದರೆ ಮಾತ್ರ. ಯಾವ ಧಾರಣೆಗೆ ಮಾರುವೆನೆಂಬುದನ್ನು ಅಡಿಕೆಯನ್ನು ಏರಿಸುವ ದಿವಸವೇ ಬರೆದಿಡಬೇಕು. ಧಾರಣೆ ಏರುತ್ತಿರುವ ದಿವಸ ಮನುಷ್ಯನ ಆಸೆಗೆ ಮಿತಿಯಿರುವುದಿಲ್ಲ. ಹಿಂದೆ ಶಾಂತವಾಗಿ ಬರೆದ ಅಂಕೆಯೇ ಆಗ ಅವನ ಕೈಹಿಡಿಯತಕ್ಕದ್ದು. ನಡುವೆ ಹಣದ ತುರ್ತು ಬಿದ್ದರೆ ಅಡಿಕೆಯ ಈಡಿನ ಮೇಲೆ ಸಹಕಾರಿ ಸಂಘಗಳಲ್ಲಿ ಸಾಲ ದೊರೆಯುವುದುಂಟು; ಆದರೆ ಅದರ ಬಡ್ಡಿಯನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕು.

ಗ್ರಾಮದ ಮುಖ್ಯಸ್ಥರಲ್ಲಿ ವಿಜ್ಞಾಪನೆ

ದೊಡ್ಡ ಭೂಮಾಲೀಕನಿಗೆ ಒಂದು ವರ್ಷದ ತಪ್ಪನ್ನು ತಾಳುವ ಶಕ್ತಿಯುಂಟು. ಅರ್ಧ ಎಕರೆಯ ಬೆಳೆಗಾರನು ಅವನನ್ನು ನೋಡಿ ತಾನೂ ಇಡುತ್ತಾನೆ. ಕೆಟ್ಟರೆ ಅವನ ತೋಟವೇ ಹೋಗುತ್ತದೆ. ಆದಕಾರಣ ಊರಿನ ಹಿರಿಯರು ತಮ್ಮ ಲಾಭವನ್ನು ಹೇಳಿದಂತೆಯೇ ನಷ್ಟವನ್ನೂ ನೆರೆಯವರಿಗೆ ಹೇಳಬೇಕು. ಪ್ರತಿ ಗ್ರಾಮದಲ್ಲಿ ಮೇ ತಿಂಗಳ ಮೊದಲನೆಯ ವಾರದಲ್ಲಿ ಒಂದು ದಿವಸ ಬೆಳೆಗಾರರನ್ನು ಕೂಡಿಸಿ, ಅಡಕತ್ತರಿಯನ್ನೂ ತಕ್ಕಡಿಯನ್ನೂ ನಡುವೆ ಇಟ್ಟು, ಎಲ್ಲರ ಅಡಿಕೆಯನ್ನೂ ಪರೀಕ್ಷಿಸುವ ಏರ್ಪಾಡು ಮಾಡಿದರೆ ಮಹದುಪಕಾರವಾಗುವುದು. ತೇವವನ್ನು ಅಳೆಯುವ ಯಂತ್ರವೊಂದನ್ನು ಊರಿಗೆ ಒಂದರಂತೆ ಕೂಡಿ ಕೊಂಡುಕೊಳ್ಳಬಹುದು. ಅಡಿಕೆಯ ವಿಷಯದಲ್ಲಿ ೧೯೫೬ರಿಂದ ವಿಟ್ಲದಲ್ಲಿ ಸಂಶೋಧನಾ ಕೇಂದ್ರವಿರುವುದರಿಂದ ಅಲ್ಲಿನ ಸಲಹೆಯನ್ನೂ ಪಡೆಯತಕ್ಕದ್ದು.

ಮೊದಲನೆಯ ಮಳೆ ಬೀಳುವುದಕ್ಕೆ ಮುಂಚೆ ಪ್ರತಿಯೊಬ್ಬ ಯಜಮಾನನೂ ಒಂದು ಅಡಿಕೆಯನ್ನು ಕಿವಿಗೆ ಹಿಡಿದು ಅಲುಗಾಡಿಸಲಿ. ಮಾತನಾಡಿದರೆ ಅಟ್ಟಕ್ಕೆ ಏರಿಸಲಿ. ಮಾತನಾಡದಿದ್ದರೆ ಇನ್ನೂ ಹತ್ತು ದಿವಸ ಅಂಗಳವನ್ನು ಅದಕ್ಕೇ ಬಿಟ್ಟುಕೊಡಲಿ.